ಬೇಟ್‌ಕಾಸ್ಟಿಂಗ್ ರೀಲ್‌ನಿಂದ ಹೆಬ್ಬೆರಳಿನ ಚರ್ಮ ಸವೆದು ಉರಿಯುತ್ತಿದೆ, ತಡೆಯೋದು ಹೇಗೆ?

ಕೋಡಿಬಾಗ ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು. ಕಾಳಿ ನದಿಯ ಅಳಿವೆ ಕಡೆ ಗಾಳ ಹಾಕುತ್ತೇನೆ. ಮೊದಲು ಸ್ಪಿನ್ನಿಂಗ್ ರೀಲ್ ಇತ್ತು, ಈಗ ಬೇಟ್‌ಕಾಸ್ಟಿಂಗ್‌ಗೆ ಬಂದಿದ್ದೇನೆ. ಇದರಲ್ಲಿ ಎಸೆಯುವಾಗ ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ತಾನೇ ತಿರುಗುತ್ತದೆ, ಅದನ್ನು ಹೆಬ್ಬೆರಳಲ್ಲಿ ಹದವಾಗಿ ತಡೆಯಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದಿಗೆ ಲೂರ್ (ಕೃತಕ ಮೀನಿನ ಎರೆ) ಇಳಿಸೋಕೆ ಇದು ತುಂಬಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ತೊಂದರೆ ಇರೋದು ಹೆಬ್ಬೆರಳಿನದು. ಬೆಳಿಗ್ಗೆ ಹೋಗಿ ಹತ್ತು ಗಂಟೆಗೆ ಮನೆಗೆ ಬರುವಷ್ಟರಲ್ಲಿ ಬೆರಳಿನ ಒಳಮೈ ಕೆಂಪಾಗಿ ಹೊಳೆಯುತ್ತಿರುತ್ತದೆ. ಮರುದಿನ ಸಿಪ್ಪೆ ಏಳುತ್ತದೆ. ಸಾರು ಅನ್ನ ಕಲಸಿದರೆ ಉರಿ. ಕಳೆದ ವಾರ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಷಿನ್ ತೆಗೆದುಕೊಳ್ಳಲೇ ಇಲ್ಲ, ಗೆರೆಗಳೇ ಸವೆದುಹೋಗಿವೆ.

ದಾರ 30 ಪೌಂಡ್ ತಡೆಯುವ ಬ್ರೇಡ್ (ಹೆಣೆದ ದಾರ), ನಾಲ್ಕು ಎಳೆಯದ್ದು. ಲೂರ್ ಹೆಚ್ಚಾಗಿ 15ರಿಂದ 20 ಗ್ರಾಂ. ರೀಲ್ ಸಣ್ಣ ಲೋ ಪ್ರೊಫೈಲ್ (ಚಪ್ಪಟೆ ಆಕಾರದ್ದು), ಸ್ಪೂಲ್ ತೀರಾ ಜೋರಾಗಿ ತಿರುಗದಂತೆ ತಡೆಯುವ ಮ್ಯಾಗ್ನೆಟ್ ಬ್ರೇಕ್ ಇದೆ. ಗ್ಲವ್ಸ್ ತೆಗೆದುಕೊಳ್ಳಲೋ, ಟೇಪ್ ಸುತ್ತಲೋ, ಅಥವಾ ಇದು ತಾನಾಗೇ ಸರಿಹೋಗುತ್ತದೋ? ಬಳಸಿ ಗೊತ್ತಿರುವವರು ಹೇಳಿ.

ಬೈತಖೋಲ ಬಂದರು

ತಾನಾಗೇ ಸರಿಹೋಗುತ್ತದೆ ಅಣ್ಣ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೈಗಾಳ. ರೀಲೂ ಇಲ್ಲ, ಕೋಲೂ ಇಲ್ಲ, ಬರೀ ಕೈಯಲ್ಲಿ ದಾರ ಎಳೆಯೋದು. ಬೆರಳಿಗೆ ದಡ್ಡು ಕಟ್ಟಿದ ಮೇಲೆ ಏನೂ ಆಗೋದಿಲ್ಲ. ಸ್ವಲ್ಪ ದಿನ ತಡೆದುಕೊಳ್ಳಿ. ಗ್ಲವ್ಸ್ ಹಾಕಿದರೆ ದಾರದ ಮೇಲೆ ಮೀನು ಮುಟ್ಟಿದ್ದೇ ತಿಳಿಯೋದಿಲ್ಲ.

ತದಡಿ ತೀರ

ಬೈತಖೋಲ ಅಣ್ಣನ ಮಾತು ಕೈಗಾಳಕ್ಕೆ ಸರಿ. ಇಲ್ಲಿ ವಿಷಯ ಬೇರೆ. ಕೈಗಾಳದಲ್ಲಿ ದಾರ ನಿಧಾನವಾಗಿ ಉಜ್ಜುತ್ತದೆ. ಬೇಟ್‌ಕಾಸ್ಟಿಂಗ್ ರೀಲ್‌ನಲ್ಲಿ ಉಜ್ಜೋದಕ್ಕಿಂತ ಸುಡೋದೇ ಜಾಸ್ತಿ.

ಒಂದು ಲೆಕ್ಕ ಹಾಕೋಣ. ದಾರ ತುಂಬಿದ ಸ್ಪೂಲ್‌ನ ವ್ಯಾಸ 34 ಮಿಲಿಮೀಟರ್ ಇದೆ ಅಂದುಕೊಳ್ಳಿ. ಒಂದು ಸುತ್ತಿಗೆ ಸುಮಾರು 107 ಮಿಲಿಮೀಟರ್ ದಾರ ಬಿಡುತ್ತದೆ. ಲೂರ್ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಹೊರಟರೆ ಸ್ಪೂಲ್ ನಿಮಿಷಕ್ಕೆ 14 ಸಾವಿರ ಸುತ್ತಿನ ವೇಗದಲ್ಲಿ ತಿರುಗುತ್ತಿರುತ್ತದೆ. ಅದನ್ನು ನಿಮ್ಮ ಹೆಬ್ಬೆರಳು ಒತ್ತಿ ನಿಲ್ಲಿಸುತ್ತಿದೆ. ಆ ಶಕ್ತಿಯ ಒಂದು ಪಾಲು ಶಾಖವಾಗಿ ಬೆರಳಿಗೆ ಬರುತ್ತದೆ. ದಡ್ಡು ಕಟ್ಟಿದ ಚರ್ಮವೂ ಇದಕ್ಕೆ ಸುಟ್ಟು ಬಿರಿಯುತ್ತದೆ. ದಪ್ಪ ದಡ್ಡು ಬಿರಿದರೆ ಆ ಬಿರುಕು ಇನ್ನೂ ಆಳ.

ಹಾಗಾಗಿ ಟೇಪ್, ಗ್ಲವ್ಸ್ ಎಲ್ಲ ಆಮೇಲಿನ ಮಾತು. ಬೆರಳು ಯಾಕೆ ಅಷ್ಟು ಕೆಲಸ ಮಾಡುತ್ತಿದೆ ಅನ್ನೋದನ್ನು ಮೊದಲು ನೋಡಿ. ಬಹುಪಾಲು ಸಲ ಉತ್ತರ ಒಂದೇ: ರೀಲ್‌ನ ಬ್ರೇಕ್ ಮಾಡಬೇಕಾದ ಕೆಲಸವನ್ನು ಬೆರಳಿಗೆ ಕೊಟ್ಟಿರುತ್ತೇವೆ.

ಹ್ಯಾಂಡಲ್ ಪಕ್ಕ ಒಂದು ಸಣ್ಣ ತಿರುಪು ಇರುತ್ತದೆ, ಸ್ಪೂಲ್ ಟೆನ್ಶನ್ ನಾಬ್. ಯಾವ ಲೂರ್ ಎಸೆಯುತ್ತೀರೋ ಅದನ್ನೇ ಕಟ್ಟಿ. ಕೋಲನ್ನು ಸ್ವಲ್ಪ ಮೇಲೆತ್ತಿ ಹಿಡಿದು, ಸ್ಪೂಲ್ ಬಿಡಿಸುವ ಕ್ಲಚ್ ಗುಂಡಿ ಒತ್ತಿ, ಬೆರಳು ತೆಗೆಯಿರಿ. ಲೂರ್ ನಿಧಾನವಾಗಿ ಇಳಿಯಬೇಕು. ಅದು ನೆಲ ಮುಟ್ಟಿದ ತಕ್ಷಣ ಸ್ಪೂಲ್ ತಾನೇ ನಿಲ್ಲಬೇಕು. ನಿಲ್ಲದೆ ತಿರುಗುತ್ತಾ ದಾರ ಉಬ್ಬಿದರೆ ನಾಬ್ ಇನ್ನಷ್ಟು ಬಿಗಿ ಮಾಡಿ. ಲೂರ್ ಇಳಿಯದೇ ನಿಂತರೆ ಸಡಿಲ ಮಾಡಿ. 20 ಗ್ರಾಂ ತೆಗೆದು 12 ಗ್ರಾಂ ಕಟ್ಟಿದಿರಾ? ಮತ್ತೆ ಸರಿ ಮಾಡಲೇಬೇಕು. ಇದನ್ನು ಜನ ಬಿಟ್ಟುಬಿಡುತ್ತಾರೆ, ಆಮೇಲೆ ಬೆರಳು ಒತ್ತಿ ಒತ್ತಿ ಸರಿದೂಗಿಸುತ್ತಾರೆ.

ಇನ್ನು ಮ್ಯಾಗ್ನೆಟ್ ಬ್ರೇಕ್. ಹೊಸಬರು ಅದನ್ನು ಮುಕ್ಕಾಲಿಗಿಂತ ಮೇಲೇ ಇಟ್ಟುಕೊಳ್ಳಿ. ದೂರ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ. ಬೆರಳಿಗೆ ಹದ ಸಿಕ್ಕ ಹಾಗೆ ಒಂದೊಂದೇ ಅಂಕಿ ಇಳಿಸುತ್ತಾ ಬನ್ನಿ. ಸೆಂಟ್ರಿಫ್ಯೂಗಲ್ ಬ್ರೇಕ್ ಇರುವ ರೀಲ್ ಆದರೆ ಪಕ್ಕದ ಮುಚ್ಚಳ ತೆಗೆದು ಒಳಗಿನ ಗುಂಡಿಗಳನ್ನು ಆನ್ ಮಾಡಬೇಕು. ಶಿಮಾನೊದ ಡಿಸಿ ರೀಲ್‌ಗಳಲ್ಲಿ ಸ್ಪೂಲ್ ತಿರುಗುವಾಗ ಹುಟ್ಟುವ ಕರೆಂಟಿನಿಂದಲೇ ಬ್ರೇಕ್ ನಡೆಯುತ್ತದೆ, ಬ್ಯಾಟರಿ ಬೇಡ. ಬೆರಳಿಗೆ ಅದು ದೊಡ್ಡ ಆರಾಮ, ಆದರೆ ಬೆಲೆ ಜಾಸ್ತಿ. ಚರ್ಮ ಉಳಿಸಿಕೊಳ್ಳೋಕೆ ಅದನ್ನೇ ಕೊಳ್ಳಬೇಕು ಅಂತೇನಿಲ್ಲ.

ಬೆರಳು ಎಲ್ಲಿ ಬೇಕು, ಎಲ್ಲಿ ಬೇಡ ಅನ್ನೋದು ಮುಂದಿನ ವಿಷಯ. ಲೂರ್ ಬಿಟ್ಟ ಕ್ಷಣದಲ್ಲಿ ಸ್ಪೂಲ್ ಎಲ್ಲಕ್ಕಿಂತ ಜೋರಾಗಿರುತ್ತದೆ. ಆಗ ಬೆರಳು ದಾರಕ್ಕೆ ತಾಗಿಯೂ ತಾಗದ ಹಾಗೆ ಇರಬೇಕು. ನಡುದಾರಿಯಲ್ಲಿ ಎತ್ತಿಬಿಡಬಹುದು. ಲೂರ್ ನೀರು ಮುಟ್ಟುವ ಸ್ವಲ್ಪ ಮೊದಲು ಮೆಲ್ಲಗೆ ಇಳಿಸಿ, ಮುಟ್ಟಿದಾಗ ನಿಲ್ಲಿಸಿ. ಆ ಹೊತ್ತಿಗೆ ವೇಗ ಬಹಳಷ್ಟು ಇಳಿದಿರುತ್ತದೆ, ಸುಡೋದಿಲ್ಲ. ನಡುವೆ ಹೆದರಿ ಗಟ್ಟಿಯಾಗಿ ಒತ್ತಿದಾಗಲೇ ಚರ್ಮ ಹೋಗೋದು.

ಬೆರಳನ್ನು ನೇರ ಮಧ್ಯದಲ್ಲಿ ಇಡಬೇಡಿ. ಸ್ವಲ್ಪ ಓರೆಯಾಗಿ ಇಟ್ಟರೆ ಅರ್ಧ ಭಾರ ಸ್ಪೂಲ್‌ನ ನುಣುಪಾದ ಲೋಹದ ಅಂಚಿನ ಮೇಲೆ ಬೀಳುತ್ತದೆ, ಅರ್ಧ ಮಾತ್ರ ದಾರದ ಮೇಲೆ. ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್ ಖಾಲಿ ಬಿಟ್ಟು ದಾರ ತುಂಬಿಸಿದ್ದರೆ ಇದು ಸಲೀಸು.

ಗಾಳಿಯನ್ನೂ ಮರೆಯಬೇಡಿ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದುರಿಗೆ ಬರುತ್ತದೆ. ಎದುರುಗಾಳಿಗೆ ಹಗುರ ಲೂರ್ ಎಸೆದರೆ ಅದು ತಡೆದು ನಿಧಾನವಾಗುತ್ತದೆ, ಸ್ಪೂಲ್ ಮಾತ್ರ ಓಡುತ್ತಲೇ ಇರುತ್ತದೆ. ದಾರ ಗೂಡು ಕಟ್ಟೋದು ಹೀಗೆ. ಸಂಜೆ ಕಡಲ ಕಡೆ ಎಸೆಯೋದಾದರೆ ಭಾರದ ಲೂರ್ ಹಾಕಿ, ಬ್ರೇಕ್ ಏರಿಸಿ.

ಅಂದಹಾಗೆ, ಬ್ರೇಡ್ ಎಷ್ಟು ಹಳೆಯದು? ಗಾಳ ಹಾಕಿ ಬಂದ ಮೇಲೆ ತೊಳೆಯುತ್ತೀರಾ?

ಕೋಡಿಬಾಗ ದಂಡೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾಬ್ ಅಂಗಡಿಯಲ್ಲಿ ಹೇಗೆ ಕೊಟ್ಟಿದ್ದರೋ ಹಾಗೇ ಇದೆ. ಬ್ರೇಡ್ ಸ್ಪಿನ್ನಿಂಗ್ ರೀಲ್‌ನಿಂದ ತೆಗೆದು ಸುತ್ತಿದ್ದು, ಹಳೆಯದೇ. ಬಣ್ಣ ಪೂರ್ತಿ ಹೋಗಿದೆ. ರೀಲ್ ಒರೆಸುತ್ತೇನೆ, ದಾರ ತೊಳೆದಿಲ್ಲ.

ತದಡಿ ತೀರ

ಹಾಗಾದರೆ ಅರ್ಧ ಕಾರಣ ಅಲ್ಲೇ ಇದೆ. ಬ್ರೇಡ್ ಅಂದರೆ ಪಾಲಿಎಥಿಲೀನ್ ಎಳೆಗಳನ್ನು ಹೆಣೆದ ದಾರ. ಹೊಸದರಲ್ಲಿ ಮೇಲೆ ಒಂದು ಲೇಪ ಇರುತ್ತದೆ, ಬಣ್ಣದ ಜೊತೆ ಅದೂ ಹೋಗುತ್ತದೆ. ಆಮೇಲೆ ಎಳೆ ಕೆದರಿ ಒರಟಾಗುತ್ತದೆ. ಹೆಣಿಗೆಯ ಸಂದಿಯಲ್ಲಿ ಉಪ್ಪುನೀರು ಒಣಗಿ ಉಪ್ಪಿನ ಹರಳು ಕೂತಿರುತ್ತದೆ. ಅದರ ಮೇಲೆ ಬೆರಳು ಇಟ್ಟರೆ ಮರಳು ಕಾಗದದ ಮೇಲೆ ಉಜ್ಜಿದಂತೆಯೇ.

ಮನೆಗೆ ಬಂದ ಮೇಲೆ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಜಾರಬೇಕು ಅಂತ ಹಿಡಿಯುವ ಭಾಗ) ಬಿಗಿ ಮಾಡಿ, ನಲ್ಲಿ ನೀರನ್ನು ತೆಳ್ಳಗೆ ಬಿಟ್ಟು ಸ್ಪೂಲ್ ತೊಳೆಯಿರಿ. ಜೋರಾಗಿ ಬಿಟ್ಟರೆ ನೀರು ಉಪ್ಪನ್ನು ಬೇರಿಂಗ್ ಒಳಗೆ ತಳ್ಳುತ್ತದೆ. ಒಣಗಿದ ಮೇಲೆ ಡ್ರ್ಯಾಗ್ ಮತ್ತೆ ಸಡಿಲ ಮಾಡಿ ಇಡಿ. ಮುಂದಿನ ಸಲ ದಾರ ಕೊಳ್ಳುವಾಗ ಎಂಟು ಎಳೆಯದ್ದು ತೆಗೆದುಕೊಳ್ಳಿ. ಅದೇ ಶಕ್ತಿಗೆ ಅದು ನಾಲ್ಕು ಎಳೆಯದಕ್ಕಿಂತ ದುಂಡಗೆ, ನುಣುಪಾಗಿ ಇರುತ್ತದೆ. ಸದ್ಯಕ್ಕೆ ಹಣ ಹಾಕೋದು ಬೇಡ ಅಂದರೆ ದಾರವನ್ನು ತಿರುಗಿಸಿ ಸುತ್ತಿ. ಒಳಗಿದ್ದ ಹೊಸ ಭಾಗ ಮೇಲೆ ಬರುತ್ತದೆ.

ಕಲಿಯುವಷ್ಟು ದಿನ ಮೊನೊ (ಒಂದೇ ಎಳೆಯ ನೈಲಾನ್) ದಾರ ಹಾಕಿದರೂ ಒಳ್ಳೆಯದೇ. ಅದು ನಯ, ಬ್ರೇಡ್‌ನಷ್ಟು ಚರ್ಮ ಕೊಯ್ಯೋದಿಲ್ಲ, ಗೋಜಲಾದರೆ ಬಿಡಿಸೋದೂ ಸುಲಭ.

ಅಂಕೋಲೆ ಅಕ್ಕ

ನಾನು ಗಾಳ ಹಾಕುವವಳಲ್ಲ, ನಮ್ಮ ಯಜಮಾನರು ಹಾಕುತ್ತಾರೆ. ನಾನು ನರ್ಸ್. ಚರ್ಮದ ವಿಷಯಕ್ಕೆ ಕೆಲವು ಮಾತು ಹೇಳಲೇಬೇಕು ಅನ್ನಿಸಿತು.

ಬೆರಳು ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಮೇಲಿನ ಪದರ ನೀರು ಕುಡಿದು ಬೆಳ್ಳಗೆ, ಮೆತ್ತಗೆ ಆಗುತ್ತದೆ. ಒಣ ಚರ್ಮಕ್ಕಿಂತ ಅದು ಬೇಗ ಹರಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ನದಿ ಬಾಯಲ್ಲಿ ಗಾಳ ಹಾಕುವವರು ಜಾಸ್ತಿ, ಮಳೆಯೂ ಅದೇ ಹೊತ್ತಿಗೆ. ಇಡೀ ದಿನ ಕೈ ನೆನೆದಿರುತ್ತದೆ. ಸೊಂಟಕ್ಕೆ ಒಂದು ಒಣ ಬಟ್ಟೆ ಸಿಕ್ಕಿಸಿಕೊಳ್ಳಿ, ಅಥವಾ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ. ಮೀನು ಬಿಡಿಸಿದ ಮೇಲೆ ಹೆಬ್ಬೆರಳು ಒರೆಸಿಕೊಂಡೇ ಮುಂದಿನ ಎಸೆತ.

ಟೇಪ್ ಸುತ್ತೋದಾದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಜಿಂಕ್ ಆಕ್ಸೈಡ್ ಟೇಪ್ ತೆಗೆದುಕೊಳ್ಳಿ. ಕಾಗದದ ಟೇಪ್ ನೀರಿಗೆ ನಿಲ್ಲೋದಿಲ್ಲ. ಎಣ್ಣೆ, ಸನ್‌ಸ್ಕ್ರೀನ್ ಇಲ್ಲದ ಒಣ ಬೆರಳಿಗೆ, ಮನೆಯಿಂದ ಹೊರಡುವ ಮೊದಲೇ ಹಚ್ಚಿ. ಬೆರಳಿನ ಉದ್ದಕ್ಕೆ ಒಳಮೈ ಮೇಲೆ ಎರಡು ಪಟ್ಟಿ. ಅದರ ತುದಿ ಏಳದ ಹಾಗೆ ಗಂಟಿನ ಕೆಳಗೆ ಸಡಿಲವಾಗಿ ಒಂದು ಸುತ್ತು. ಗಂಟಿನ ಮೇಲೆ ಸುತ್ತಬೇಡಿ, ಬೆರಳು ಮಡಚಬೇಕಲ್ವಾ. ಆಮೇಲೆ ಉಗುರನ್ನು ಒತ್ತಿ ಬಿಡಿ. ಬಿಳಿಯಾದ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಆಗದಿದ್ದರೆ ಬಿಗಿ ಜಾಸ್ತಿಯಾಗಿದೆ, ಬಿಚ್ಚಿ ಮತ್ತೆ ಸುತ್ತಿ.

ಇದಕ್ಕಿಂತ ಮುಖ್ಯವಾದ ಮಾತು: ಚರ್ಮ ಹರಿದು ಹಸಿಯಾಗಿದ್ದರೆ ಅದು ಆರುವವರೆಗೆ ಅಳಿವೆ ನೀರಿಗೆ ಕೈ ಹಾಕಬೇಡಿ. ಬೆಚ್ಚಗಿನ, ಸ್ವಲ್ಪ ಉಪ್ಪಿರುವ ನೀರಿನಲ್ಲಿ ವಿಬ್ರಿಯೊ ಅನ್ನುವ ಬ್ಯಾಕ್ಟೀರಿಯಾ ಇರುತ್ತವೆ. ಹೆಚ್ಚಿನವರಿಗೆ ಏನೂ ಆಗದಿರಬಹುದು. ಆದರೆ ಲಿವರ್ ತೊಂದರೆ, ಸಕ್ಕರೆ ಕಾಯಿಲೆ ಇರುವವರಿಗೆ ಸಣ್ಣ ಗಾಯದಿಂದಲೂ ಜೀವಕ್ಕೆ ಅಪಾಯ ಬರಬಹುದು. ಗಾಯದ ಸುತ್ತ ಕೆಂಪು ಬೇಗ ಬೇಗ ಹರಡುತ್ತಿದ್ದರೆ, ಊತ, ಗುಳ್ಳೆ, ಜ್ವರ, ಗಾಯಕ್ಕೆ ಮೀರಿದ ನೋವು ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಸಮುದ್ರದ ನೀರು ತಾಗಿದ ಗಾಯ ಅಂತ ಡಾಕ್ಟರಿಗೆ ಹೇಳಿ, ಅವರು ಕೊಡುವ ಔಷಧಿ ಅದರ ಮೇಲೆ ಬದಲಾಗುತ್ತದೆ. ವಾರಗಳ ನಂತರ ಗಾಯದ ಜಾಗದಲ್ಲಿ ಗಂಟು ಎದ್ದು ಹೋಗದೇ ನಿಂತರೂ ತೋರಿಸಿ. ನಿಧಾನವಾಗಿ ಬೆಳೆಯುವ ಇನ್ನೊಂದು ಸೋಂಕು ಇದೆ.

ಕೊಳೆ ಸೇರಿದ ಗಾಯವಾದರೆ, ಕೊನೆಯ ಧನುರ್ವಾಯು ಇಂಜೆಕ್ಷನ್ (ಟಿಟಿ, ಈಗಿನ ಟಿಡಿ) ಆಗಿ 5 ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು.

ಬೈತಖೋಲ ಬಂದರು

ಅಕ್ಕಾ, ಒಂದು ಪ್ರಶ್ನೆ. ಬಿರುಕಿಗೆ ಫೆವಿಕ್ವಿಕ್ ಹಾಕಿ ಮುಚ್ಚುವವರನ್ನು ನೋಡಿದ್ದೇನೆ. ತಕ್ಷಣ ಗಟ್ಟಿಯಾಗುತ್ತದೆ, ಮತ್ತೆ ಗಾಳ ಹಾಕುತ್ತಾರೆ. ಅದು ಸರಿಯಾ?

ಅಂಕೋಲೆ ಅಕ್ಕ

ಬೇಡ ತಮ್ಮಾ. ಆಸ್ಪತ್ರೆಯಲ್ಲಿ ಗಾಯ ಮುಚ್ಚೋಕೆ ಅದೇ ಜಾತಿಯ ಅಂಟು ಬಳಸುತ್ತಾರೆ ನಿಜ. ಅದು ಚರ್ಮಕ್ಕೆಂದೇ ಮಾಡಿದ್ದು, ಗಾಯ ತೊಳೆದ ಮೇಲೆ ಹಾಕೋದು. ಅಂಗಡಿಯ ಅಂಟು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಹಸಿ ಗಾಯಕ್ಕೆ ಉರಿ ತರುತ್ತದೆ. ಒಳಗೆ ಕೊಳೆ ಇದ್ದರೆ ಅದನ್ನೂ ಸೇರಿಸಿ ಮುಚ್ಚಿಬಿಡುತ್ತದೆ. ಹತ್ತಿ ಅಥವಾ ಹತ್ತಿ ಬಟ್ಟೆಗೆ ಆ ಅಂಟು ಬಿದ್ದರೆ ಸುಟ್ಟ ಗಾಯ ಆಗುವಷ್ಟು ಬಿಸಿ ಹುಟ್ಟುತ್ತದೆ. ಬ್ಯಾಂಡೇಜ್ ಮೇಲೆ ಯಾರೂ ಸುರಿಯಬೇಡಿ.

ಶಿರಸಿ ಮಲೆನಾಡಿಗ

ನಾನು ಘಟ್ಟದ ಮೇಲಿನವನು, ರಜೆಯಲ್ಲಿ ಕುಮಟೆಗೆ ಇಳಿದು ಗಾಳ ಹಾಕುತ್ತೇನೆ. ನಮ್ಮಲ್ಲಿ ಹಿಮ್ಮಡಿ ಒಡೆದರೆ ಮುರುಗಲ ತುಪ್ಪ ಹಚ್ಚೋದು ಹಿಂದಿನಿಂದ ಬಂದ ರೂಢಿ. ಮುರುಗಲು ಬೀಜದಿಂದ ತೆಗೆದ ಎಣ್ಣೆ ಅದು, ತಣಿದರೆ ಗಟ್ಟಿ ಉಂಡೆ. ಹೆಬ್ಬೆರಳಿಗೂ ಅದನ್ನೇ ಹಚ್ಚುತ್ತೇನೆ. ಸ್ವಲ್ಪ ಬಿಸಿ ಮಾಡಿ, ರಾತ್ರಿ ಮಲಗುವಾಗ ತಿಕ್ಕಿ ಒಂದು ಬಟ್ಟೆ ಸುತ್ತಿದರೆ ಬೆಳಿಗ್ಗೆ ಚರ್ಮ ಮೆತ್ತಗಿರುತ್ತದೆ. ಹಸಿ ಗಾಯಕ್ಕೆ ಹಚ್ಚೋದಿಲ್ಲ, ಒಣಗಿ ಒಡೆದದ್ದಕ್ಕೆ ಮಾತ್ರ.

ಮುರುಗಲ ತುಪ್ಪ ಸಿಗದಿದ್ದರೆ ವ್ಯಾಸಲೀನ್, ತೆಂಗಿನೆಣ್ಣೆ ಯಾವುದಾದರೂ ಆಗುತ್ತದೆ. ದಡ್ಡು ತುಂಬಾ ಗಟ್ಟಿಯಾಗಿದ್ದರೆ ಮೆಡಿಕಲ್‌ನಲ್ಲಿ ಯೂರಿಯಾ ಇರುವ ಕ್ರೀಮ್ ಸಿಗುತ್ತದೆ, ಅದು ಬೇಗ ಮೆದುವಾಗಿಸುತ್ತದೆ. ಗಾಳಕ್ಕೆ ಹೊರಡುವ ಬೆಳಿಗ್ಗೆ ಮಾತ್ರ ಯಾವುದನ್ನೂ ಹಚ್ಚಬೇಡಿ. ಬೆರಳು ಜಾರುತ್ತದೆ, ಮತ್ತೆ ಜೋರಾಗಿ ಒತ್ತುವಂತಾಗುತ್ತದೆ.

ದಡ್ಡನ್ನು ಬ್ಲೇಡಿನಲ್ಲಿ ಕೊಯ್ಯುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಸ್ನಾನ ಮಾಡಿದ ಮೇಲೆ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿದರೆ ಸಾಕು.

ಕಾಸರಕೋಡ ಮರಳು

ಹೊನ್ನಾವರದಿಂದ. ನಾವು ಮರಳ ದಂಡೆಯಿಂದ ದೊಡ್ಡ ದುಂಡು ರೀಲ್, ಉದ್ದ ಕೋಲು, 100 ಗ್ರಾಂ ಸೀಸದ ಗುಂಡು ಹಾಕಿ ಎಸೆಯೋದು. ಇದರಲ್ಲಿ ಚರ್ಮ ಹೋಗೋದು ಬೇರೆ ಹೊತ್ತಿನಲ್ಲಿ. ಎಸೆಯುವ ಜೋರಿಗೆ ಸ್ಪೂಲ್ ಬೆರಳಿನ ಕೆಳಗೇ ಜಾರಿಬಿಡುತ್ತದೆ. ಜಾರಿದ ಆ ಒಂದು ಕ್ಷಣದಲ್ಲಿ ಚರ್ಮ ಸುಟ್ಟುಹೋಗುತ್ತದೆ.

ಸೈಕಲ್ ಟ್ಯೂಬಿನ ತುಂಡು ಇದಕ್ಕೆ ಬಹಳ ಒಳ್ಳೆಯದು. ಪಂಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿ. ಒಂದು ಇಂಚು ಅಗಲದ ಉಂಗುರ ಕತ್ತರಿಸಿ ಹೆಬ್ಬೆರಳಿಗೆ ತೊಡಿಸಿ. ರಬ್ಬರ್ ಸ್ಪೂಲನ್ನು ಗಟ್ಟಿಯಾಗಿ ಹಿಡಿಯುತ್ತದೆ. ಎಸೆದ ಮೇಲೆ ತೆಗೆದುಬಿಡಿ, ರಕ್ತ ಓಡಾಡಲಿ. ಬ್ಯಾಂಕಿನಲ್ಲಿ ನೋಟು ಎಣಿಸುವಾಗ ತೊಡುವ ರಬ್ಬರ್ ಟೋಪಿಯೂ ಆಗುತ್ತದೆ, ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ.

ಆದರೆ ಕೋಡಿಬಾಗದವರ ಸಣ್ಣ ರೀಲ್‌ಗೆ ರಬ್ಬರ್ ಬೇಡ ಅಂತ ನನ್ನ ಅಭಿಪ್ರಾಯ. ಅಲ್ಲಿ ಬೆರಳು ಮೆಲ್ಲಗೆ ಸವರಬೇಕು. ರಬ್ಬರ್ ಹಿಡಿದರೆ ಒಮ್ಮೆಲೇ ಹಿಡಿಯುತ್ತದೆ, ಲೂರ್ ಕಿತ್ತುಕೊಂಡು ಹೋಗುತ್ತದೆ. ಅಲ್ಲಿಗೆ ಟೇಪೇ ಸರಿ.

ಭಟ್ಕಳ ಬೆಸ್ತೆ

ನನ್ನ ಕೈ ಸಣ್ಣದು. ದುಂಡು ರೀಲ್ ಹಿಡಿದರೆ ಹೆಬ್ಬೆರಳು ಚಾಚಿ ತುದಿಯಲ್ಲಿ ಒತ್ತಬೇಕಾಗುತ್ತಿತ್ತು. ತುದಿಯ ಚರ್ಮ ತೆಳು, ಉಗುರಿನ ಬುಡದಲ್ಲೂ ನೋವು. ಲೋ ಪ್ರೊಫೈಲ್ ರೀಲ್‌ನಲ್ಲಿ ಬೆರಳಿನ ಮೆತ್ತನೆ ಭಾಗ ತಾನಾಗೇ ಸ್ಪೂಲ್ ಮೇಲೆ ಕೂರುತ್ತದೆ. ಅಂಗಡಿಯಲ್ಲಿ ರೀಲನ್ನು ಕೋಲಿಗೆ ಹಾಕಿಸಿ, ಹಿಡಿದು ನೋಡಿಯೇ ಕೊಳ್ಳಿ, ವಿಶೇಷವಾಗಿ ಹೆಣ್ಣುಮಕ್ಕಳು ಮತ್ತು ಮಕ್ಕಳಿಗೆ ಕೊಡಿಸುವವರು.

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ಚೊಣಕ (ಬ್ಯಾರಮುಂಡಿ) ಮೀನು ಹಿಡಿದಾಗ ಹೆಬ್ಬೆರಳು ಬಾಯಿಗೆ ಹಾಕಿ ಎತ್ತುತ್ತೀರಾ? ಅದರ ದವಡೆ ಅರದ ಹಾಗೆ ಒರಟು. ಮೀನು ಒಮ್ಮೆ ಕೊಸರಿದರೆ ಬೆರಳಿನ ಮೇಲ್ಪದರ ಹೋಗುತ್ತದೆ. ರೀಲ್‌ನಿಂದ ಆಗಲೇ ಸವೆದ ಜಾಗವೂ ಅದೇ. ಲಿಪ್ ಗ್ರಿಪ್ (ಮೀನಿನ ತುಟಿ ಹಿಡಿಯುವ ಇಕ್ಕಳ) ಬಳಸಿ, ಇನ್ನೊಂದು ಕೈ ಹೊಟ್ಟೆಯ ಕೆಳಗೆ ಕೊಡಿ. ಬರೀ ಬಾಯಿಂದ ತೂಗುಹಾಕಿದರೆ ದೊಡ್ಡ ಮೀನಿನ ದವಡೆಗೆ ಪೆಟ್ಟು, ಬಿಡುವ ಮೀನಾದರೆ ಇದು ಮುಖ್ಯ. ಕಿವಿರಿನ ಮುಚ್ಚಳದ ಹತ್ತಿರ ಬೆರಳು ಒಯ್ಯಲೇಬೇಡಿ, ಅಲ್ಲಿನ ಅಂಚು ಬ್ಲೇಡಿನಷ್ಟು ಹರಿತ.

ಕೋಡಿಬಾಗ ದಂಡೆ

ಹೌದು, ಬಾಯಿಗೆ ಬೆರಳು ಹಾಕಿಯೇ ಎತ್ತುತ್ತೇನೆ. ಇದು ಹೊಳೆದಿರಲೇ ಇಲ್ಲ.

ನಿನ್ನೆ ನಾಬ್ ಸರಿ ಮಾಡಿ, ಬ್ರೇಕ್ ಏರಿಸಿ ಮನೆ ಹಿಂದಿನ ಖಾಲಿ ಜಾಗದಲ್ಲಿ ಕೊಕ್ಕೆ ತೆಗೆದ ಲೂರ್ ಎಸೆದು ನೋಡಿದೆ. ಮುಂಚಿನಷ್ಟು ಒತ್ತಬೇಕಾಗಲಿಲ್ಲ. ಗಾಯ ಆರುವವರೆಗೆ ನೀರಿಗೆ ಹೋಗೋದಿಲ್ಲ.

ಒಂದು ಪ್ರಶ್ನೆ ಉಳಿದಿದೆ. ದೊಡ್ಡ ಮೀನು ಸೇತುವೆ ಕಂಬದ ಕಡೆ ಓಡಿದಾಗ ನಾನು ಸ್ಪೂಲನ್ನು ಹೆಬ್ಬೆರಳಲ್ಲಿ ಒತ್ತಿ ತಡೆಯುತ್ತೇನೆ. ಕಂಬಕ್ಕೆಲ್ಲ ಚಿಪ್ಪು ಅಂಟಿರುತ್ತದೆ, ದಾರ ತಾಗಿದರೆ ಮುಗಿಯಿತು. ಒತ್ತದೇ ಬೇರೆ ದಾರಿ ಇದೆಯಾ? ಲೂರ್ ಬೇರಿಗೆ ಸಿಕ್ಕಿದಾಗಲೂ ಹಾಗೇ ಒತ್ತಿ ಹಿಡಿದು ಎಳೆಯುತ್ತೇನೆ.

ಬೈತಖೋಲ ಬಂದರು

ಲೂರ್ ಸಿಕ್ಕಿದಾಗ ಬೆರಳಲ್ಲಿ ಒತ್ತಿ ಎಳೆಯೋದು ಬೇಡವೇ ಬೇಡ. ಇದನ್ನು ಕೈಗಾಳದವರು ಚೆನ್ನಾಗಿ ಬಲ್ಲರು. ಬ್ರೇಡ್ ಕೈಗೆ ಸುತ್ತಿಕೊಂಡರೆ ಮಾಂಸದವರೆಗೆ ಕೊಯ್ಯುತ್ತದೆ. ಒಂದು ಗೇಣು ಉದ್ದದ ಮರದ ತುಂಡು ಚೀಲದಲ್ಲಿ ಇಟ್ಟುಕೊಳ್ಳಿ. ದಾರವನ್ನು ಅದಕ್ಕೆ ನಾಲ್ಕೈದು ಸುತ್ತು ಸುತ್ತಿ, ಮುಖ ಬೇರೆ ಕಡೆ ತಿರುಗಿಸಿ, ಹಿಂದೆ ಹಿಂದೆ ನಡೆಯಿರಿ. ಲೂರ್ ಬಿಟ್ಟು ಹಾರಿ ಬಂದರೆ ಕಣ್ಣಿಗೆ ಅಪಾಯ, ಅದಕ್ಕೇ ಮುಖ ತಿರುಗಿಸೋದು.

ದಡ್ಡಿನ ವಿಷಯದಲ್ಲಿ ನನ್ನ ಮಾತು ಈಗಲೂ ಅದೇ. ಸ್ವಲ್ಪ ಗಟ್ಟಿ ಚರ್ಮ ಬೇಕು. ಆದರೆ ಗಾಯದ ಮೇಲೆ ಗಾಯ ಮಾಡಿಕೊಂಡರೆ ದಡ್ಡು ಕಟ್ಟೋದಿಲ್ಲ, ಅಕ್ಕ ಹೇಳಿದ್ದು ಸರಿ. ನಡುವೆ ಬಿಡುವು ಕೊಡಬೇಕು.

ತದಡಿ ತೀರ

ಮೀನು ಓಡುವಾಗ ತಡೆಯಬೇಕಾದದ್ದು ಡ್ರ್ಯಾಗ್, ಬೆರಳಲ್ಲ. ಓಡುವ ಮೀನಿನ ಸ್ಪೂಲ್ ಒತ್ತಿದರೆ ಚರ್ಮವೂ ಹೋಗಬಹುದು, ದಾರವೂ ಹೋಗಬಹುದು.

ನಿಮ್ಮ ಡ್ರ್ಯಾಗ್ ಸಡಿಲ ಇದೆ ಅನ್ನಿಸುತ್ತದೆ. ಲಗೇಜ್ ತೂಗುವ ಸಣ್ಣ ತಕ್ಕಡಿ ಇದ್ದರೆ ಅಳೆಯಬಹುದು. 30 ಪೌಂಡ್ ಅಂದರೆ ಸುಮಾರು 13.6 ಕೆಜಿ. ಡ್ರ್ಯಾಗ್ ಅದರ ಕಾಲು ಭಾಗಕ್ಕೆ, ಅಂದರೆ 3.4 ಕೆಜಿಗೆ ಇಡಿ. ಲೀಡರ್ (ಬ್ರೇಡ್‌ಗೂ ಲೂರ್‌ಗೂ ನಡುವೆ ಕಟ್ಟುವ ದಾರ) ಬ್ರೇಡ್‌ಗಿಂತ ಕಡಿಮೆ ಶಕ್ತಿಯದಾಗಿದ್ದರೆ ಅದರ ಲೆಕ್ಕವನ್ನೇ ಹಿಡಿಯಿರಿ. ತಕ್ಕಡಿಗೆ ದಾರ ಕಟ್ಟಿ ಒಬ್ಬರು ಹಿಡಿಯಲಿ. ನೀವು ಮೀನು ಎಳೆಯುವ ಹಾಗೆ ಕೋಲು ಬಾಗಿಸಿ ಹಿಡಿಯಿರಿ. ದಾರ ಜಾರಲು ಶುರುವಾದಾಗ ತಕ್ಕಡಿ ಎಷ್ಟು ತೋರಿಸುತ್ತದೆ ನೋಡಿ, ಅದಕ್ಕೆ ತಕ್ಕಂತೆ ಹ್ಯಾಂಡಲ್ ಪಕ್ಕದ ನಕ್ಷತ್ರದ ಆಕಾರದ ತಿರುಪನ್ನು ತಿರುಗಿಸಿ. ಕಂಬದ ಹತ್ತಿರ ಹಾಕೋದಾದರೆ ಮೂರನೇ ಒಂದು ಭಾಗದವರೆಗೂ ಏರಿಸುತ್ತೇನೆ, 4.5 ಕೆಜಿ ಹತ್ತಿರ. ಅದಕ್ಕಿಂತ ಜಾಸ್ತಿ ಬೇಡ. ಸಣ್ಣ ಲೋ ಪ್ರೊಫೈಲ್ ರೀಲ್ ಅಷ್ಟು ತಡೆಯುತ್ತದಾ ಅಂತ ಅದರ ಡಬ್ಬಿಯ ಮೇಲೆ ನೋಡಿಕೊಳ್ಳಿ.

ಅಷ್ಟಾದ ಮೇಲೂ ಮೀನು ಕಂಬದ ಕಡೆಗೇ ಹೋದರೆ ಕೋಲನ್ನು ಅಡ್ಡ ಮಲಗಿಸಿ, ಅದು ಓಡುವ ದಿಕ್ಕಿನ ವಿರುದ್ಧ ಬದಿಗೆ ಎಳೆಯಿರಿ. ತಲೆ ತಿರುಗಿದರೆ ಮೀನು ತಿರುಗುತ್ತದೆ. ಸಾಧ್ಯವಾದರೆ ಎರಡು ಹೆಜ್ಜೆ ನಡೆದು ನಿಂತ ಜಾಗವನ್ನೇ ಬದಲಿಸಿ. ತಕ್ಕಡಿ ಇಲ್ಲದಿದ್ದರೆ ಭಾನುವಾರ ಕುಮಟೆ ಕಡೆ ಬನ್ನಿ, ನನ್ನ ಹತ್ತಿರ ಇದೆ. ರೀಲ್ ಜೊತೆ ಆ ಹಳೇ ಬ್ರೇಡ್ ಕೂಡ ತನ್ನಿ, ತಿರುಗಿಸಿ ಸುತ್ತಿಕೊಡುತ್ತೇನೆ.